ಎರಡು ಸ್ವರ ಮೇಲೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ನಮ್ಮ ಪ್ರೀತಿಯ ಸಭಾಪಾಲಕರೇ, ನನ್ನ ಬಗ್ಗೆ ಅರ್ಧ ಗಂಟೆ ಬರೀ ಒಳ್ಳೆಯದನ್ನೇ ಹೇಳಿದ ಮುಖ್ಯ ಅತಿಥಿಗಳೇ, ಗಾಯನವೃಂದದ ನನ್ನ ಸಂಗಡಿಗರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ, ಹಿಂದಿನ ಸಾಲಿನಲ್ಲಿ ಕುಳಿತು ಊಟದ ವಾಸನೆ ಹಿಡಿಯುತ್ತಿರುವ ಸಭಿಕರೇ, ಕರ್ತನ ಹೆಸರಿನಲ್ಲಿ ತಮಗೆಲ್ಲ ವಂದನೆಗಳು.

ಹೂಗುಚ್ಛ ಕೊಟ್ಟಿರಿ, ಚೌಕಟ್ಟು ಹಾಕಿದ ಅಭಿನಂದನಾ ಪತ್ರ ಕೊಟ್ಟಿರಿ. ‘ಲೌಕಿಕ ಆಸೆಗಳನ್ನು ತೊರೆದು ಇಪ್ಪತ್ತೈದು ವರ್ಷ ದೇವರನ್ನು ಹಾಡಿ ಸ್ತುತಿಸಿದ ನಮ್ಮ ಗಾಯನ ನಾಯಕರಿಗೆ’ ಎಂದು ಅದರಲ್ಲಿ ಅಚ್ಚಾಗಿದೆ. ಇನ್ನು ಮುಂದೆಯೂ, ನನ್ನ ಉಸಿರಿರುವವರೆಗೂ, ನಾನೇ ಗಾಯನ ನಾಯಕನಾಗಿರಬೇಕೆಂದು ಅಧ್ಯಕ್ಷರು ಈಗತಾನೇ ಘೋಷಿಸಿದರು. ನಾನು ಎರಡು ಮಾತು ಆಡಿ ಅದಕ್ಕೆ ಒಪ್ಪಿಗೆ ಸೂಚಿಸಬೇಕಂತೆ. ಆ ಎರಡು ಮಾತಿನ ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಹಳೆಯ ಆಸೆಗಳನ್ನು ಬಿಟ್ಟು ನಂಬಿಕೆಯಲ್ಲಿ ನೆಲೆಯಾಗಿ ನಿಲ್ಲುವುದು.

ಈ ವಿಷಯ ಮಾತನಾಡಲು ನನಗಿಂತ ಯೋಗ್ಯರು ಯಾರಿದ್ದಾರೆ? ಹಾಗೆಂದು ಹೋದ ತಿಂಗಳವರೆಗೆ ನಾನೂ ಅಂದುಕೊಂಡಿದ್ದೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಇಲ್ಲಿರುವ ಅರ್ಧ ಜನರ ಮೂಗಿನ ಮೇಲೆ ನನ್ನ ಕೆಲಸ ಕೂತಿದೆ. ಆ ಕೆಲಸಕ್ಕೆ ಸೇರುವ ಮೊದಲು ಒಂದು ಸಂಗೀತ ತಂಡದಲ್ಲಿ ಹಾಡುತ್ತಿದ್ದೆ. ಊರೂರು ತಿರುಗುತ್ತಿದ್ದ ತಂಡ ಅದು. ನಾನು ಹಿಂದೆ ನಿಂತು ಪಲ್ಲವಿಗೆ ದನಿಗೂಡಿಸುವವನು. ಎಂದಾದರೂ ಒಂದು ದಿನ ಮುಂದೆ ನಿಂತು ಒಬ್ಬನೇ ಹಾಡಬೇಕು ಅನ್ನುವುದೊಂದೇ ಆಸೆ. ಆಮೇಲಿನ ಕಥೆ ನಿಮಗೆ ಬಾಯಿಪಾಠ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಸಾಕ್ಷಿ ಹೇಳಿದ್ದೇನೆ. ದೊಡ್ಡ ತಂಡವೊಂದರಿಂದ ಕಾಗದ ಬಂತು, ಅದನ್ನು ಹರಿದು ಹಾಕಿದೆ, ಆ ಆಸೆಯನ್ನು ಶಿಲುಬೆಯ ಬುಡದಲ್ಲಿ ಬಿಟ್ಟು ಬಂದೆ ಎಂದು ಹೇಳುವಾಗ ನನ್ನ ದನಿ ಸರಿಯಾದ ಜಾಗದಲ್ಲಿ ನಡುಗುತ್ತಿತ್ತು. ಯುವಜನರು ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.

ಕಾಗದ ಬಂದದ್ದು ನಿಜ. ಹರಿದದ್ದೂ ನಿಜ. ಆದರೆ ಅದರಲ್ಲಿದ್ದದ್ದು ಏನು? ‘ನಿಮ್ಮನ್ನು ಆಯ್ಕೆ ಮಾಡಲಾಗಿಲ್ಲ’ ಎಂದಿತ್ತು. ಅಷ್ಟೇ, ಒಂದು ಸಾಲು. ನಾನು ಏನನ್ನೂ ಬಿಟ್ಟು ಬರಲಿಲ್ಲ, ಸ್ವಾಮಿ. ಅವರು ಬೇಡ ಅಂದರು, ನಾನು ಇಲ್ಲಿಗೆ ಬಂದೆ.

ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ನನ್ನ ಚೀಟಿಯಲ್ಲಿ ಬೇರೇನೋ ಇದೆ. ಇರಲಿ, ಬಾಯಿಗೆ ಬಂದಾಯಿತು, ಇನ್ನು ಪೂರ್ತಿ ಹೇಳಿಯೇ ಬಿಡುತ್ತೇನೆ.

ನಾನು ಗಾಯನ ನಾಯಕನಾದ ಮೊದಲ ವರ್ಷ ನಮ್ಮ ಹಾಡುಗಳ ಶ್ರುತಿಯನ್ನು ಎರಡು ಸ್ವರ ಮೇಲಕ್ಕೆ ಏರಿಸಿದೆ. ಎತ್ತರಿಸಿ ಹಾಡಿದರೆ ಆರಾಧನೆಗೆ ಉತ್ಸಾಹ ಬರುತ್ತದೆ ಅಂದೆ. ಹಿರಿಯರು ತಲೆಯಾಡಿಸಿದರು. ಆರ್ಗನ್ ನುಡಿಸುವವಳು ನನ್ನ ಹೆಂಡತಿ. ಅವಳೊಬ್ಬಳು ಮಾತ್ರ, “ರೀ, ಅಷ್ಟು ಮೇಲೆ ಜನಕ್ಕೆ ಎಟಕುತ್ತಾ?” ಅಂತ ಕೇಳಿದಳು. “ಅಭ್ಯಾಸ ಆಗುತ್ತೆ, ನೀನು ನುಡಿಸು” ಅಂದೆ.

ಎಟಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಟಕಬಾರದೆಂದೇ ಏರಿಸಿದ್ದು. ಪಲ್ಲವಿಯನ್ನು ಎಲ್ಲರೂ ಹೇಗೋ ಹಾಡುತ್ತಾರೆ. ಚರಣದಲ್ಲಿ ಹಾಡು ಮೇಲಕ್ಕೆ ಹತ್ತುವಾಗ ವಯಸ್ಸಾದವರು ಮೊದಲು ನಿಲ್ಲಿಸುತ್ತಾರೆ, ಆಮೇಲೆ ಗಂಡಸರು, ಆಮೇಲೆ ಒಬ್ಬೊಬ್ಬರೇ ಹೆಂಗಸರು. ತುದಿಯ ಸಾಲಿಗೆ ಬರುವಷ್ಟರಲ್ಲಿ ಇಡೀ ದೇವಾಲಯ ಸುಮ್ಮನಾಗಿರುತ್ತದೆ, ಒಂದೇ ಒಂದು ದನಿ ಉಳಿದಿರುತ್ತದೆ. ಅದು ಯಾರ ದನಿ ಎಂದು ಹೇಳಬೇಕೇ? ಆ ತಂಡದವರು ನನಗೆ ಕೊಡದ ಜಾಗವನ್ನು ಇಪ್ಪತ್ತೈದು ವರ್ಷ, ಭಾನುವಾರ ಭಾನುವಾರ, ನಿಮ್ಮಿಂದ ಕಿತ್ತುಕೊಂಡೆ. ನೀವು ಅದನ್ನು ಭಕ್ತಿ ಅಂದುಕೊಂಡಿರಿ. ಕೆಲವು ಭಾನುವಾರ ನಾನೂ ಹಾಗೇ ಅಂದುಕೊಂಡೆ.

ನಾವು ಕುಳಿತಿರುವ ಈ ಬೆಂಚುಗಳನ್ನೆಲ್ಲ ಮಾಡಿದ ಬಡಗಿಯವರು ತೀರಿಕೊಂಡು ಆರು ವರ್ಷವಾಯಿತು. ಸಮಾಧಿಯ ಬಳಿ ಯಾವ ಹಾಡು ಹಾಡಬೇಕೆಂದು ಮನೆಯವರು ಆರಿಸುವುದು ನಮ್ಮ ಸಭೆಯ ಪದ್ಧತಿ. ಅವರ ಹೆಂಡತಿ, ನಾವೆಲ್ಲ ಬಡಗಿ ಅಮ್ಮ ಅನ್ನುವವರು, ಹಿಂದಿನ ಸಂಜೆ ನನ್ನ ಮನೆಗೆ ಬಂದರು. ದಿನಾ ಸಂಜೆ ಪ್ರಾರ್ಥನೆಗೆ ಗಂಡ ಹೆಂಡತಿ ಕೂಡಿ ಹಾಡುತ್ತಿದ್ದ ಹಾಡಂತೆ. “ನಾಳೆ ಸ್ವಲ್ಪ ಇಳಿಸಿ ಎತ್ತಿಕೊಡಪ್ಪ. ಕೊನೇ ಸಲ ಅವರಿಗೆ ನಾನೂ ಹಾಡಬೇಕು” ಅಂದರು. “ಆಗಲಿ ಅಮ್ಮ” ಅಂದೆ. ಮನಸ್ಸಿಟ್ಟೇ ಅಂದೆ.

ಮಾರನೆಯ ದಿನ ಸಮಾಧಿಗೆ ಬೇರೆ ಸಭೆಗಳಿಂದಲೂ ಜನ ಬಂದಿದ್ದರು. ಅವರಲ್ಲಿ ಒಬ್ಬರು ಒಳ್ಳೆಯ ಹಾಡುಗಾರರು. ಅವರನ್ನು ನೋಡಿದೆ. ಆರ್ಗನ್ ಇಲ್ಲದ ಕಡೆ ಶ್ರುತಿಗೆಂದು ಊದುವ ಪುಟ್ಟ ಪೀಪಿ ನನ್ನ ಕೈಯಲ್ಲಿತ್ತು. ಕೆಳಗಿನ ಸ್ವರದ ತೂತಿನ ಮೇಲೆ ತುಟಿ ಇಟ್ಟವನು ಪೀಪಿಯನ್ನು ಸರಿಸಿ ಮೇಲಿನದನ್ನು ಊದಿದೆ. ಕೈ ತಪ್ಪಲಿಲ್ಲ. ನೋಡಿಕೊಂಡೇ ಸರಿಸಿದೆ.

ಬಡಗಿ ಅಮ್ಮ ಮೊದಲ ಸಾಲು ಹಾಡಿದರು. ಎರಡನೆಯ ಸಾಲಿನಲ್ಲಿ ದನಿ ಒಡೆಯಿತು. ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡರು. ಜನ ಅವರು ಅಳುತ್ತಿದ್ದಾರೆ ಅಂದುಕೊಂಡರು. ನಾನು ಕೊನೆಯವರೆಗೂ ಹಾಡಿದೆ, ತುಂಬ ಚೆನ್ನಾಗಿ ಹಾಡಿದೆ. ಆ ಹಾಡುಗಾರರು ಬಂದು ನನ್ನ ಕೈ ಕುಲುಕಿದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಖುಷಿಯಾಗಿ ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಹೋದ ತಿಂಗಳು ನೆಗಡಿಯಾಗಿ ನನ್ನ ಗಂಟಲು ಕಟ್ಟಿತು. ಮೊದಲ ಬಾರಿಗೆ ಹಿಂದಿನ ಬೆಂಚಿನಲ್ಲಿ, ಕೈಯಲ್ಲಿ ಕರವಸ್ತ್ರ ಹಿಡಿದು ಕುಳಿತೆ. ನನ್ನ ಹೆಂಡತಿ ಯಾರಿಗೂ ಹೇಳದೆ ಎರಡು ಸ್ವರ ಇಳಿಸಿ ನುಡಿಸಿದಳು. ನೀವು ಹಾಡಿದಿರಿ. ಎಲ್ಲರೂ ಹಾಡಿದಿರಿ. ನನ್ನ ಪಕ್ಕದಲ್ಲಿದ್ದ ಬಸ್ ಚಾಲಕರು ಸಭೆಗೆ ಸೇರಿ ಹದಿನೆಂಟು ವರ್ಷವಾಗಿದೆ. ಅವರ ದನಿ ದಪ್ಪ ಎಂಬುದೇ ನನಗೆ ಗೊತ್ತಿರಲಿಲ್ಲ. ಬೆಂಚಿನ ಹಲಗೆ ಅದುರುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ಆಗ ನನ್ನ ಕಣ್ಣು ತೆರೆಯಿತು, ನಾನು ಬದಲಾದೆ ಎಂದು ಹೇಳಿ ಮುಗಿಸಿದರೆ ಚೆನ್ನಾಗಿರುತ್ತಿತ್ತು. ನನಗೆ ಬಂದದ್ದು ಸಿಟ್ಟು. ನಾನಿಲ್ಲದೆ ಇಷ್ಟು ಚೆನ್ನಾಗಿ ಹೇಗೆ ಹಾಡುತ್ತಾರೆ ಎನ್ನುವ ಹೊಟ್ಟೆಕಿಚ್ಚು. ಮನೆಗೆ ಹೋಗುವ ದಾರಿಯಲ್ಲಿ ಕಟ್ಟಿದ ಗಂಟಲಲ್ಲೇ ಹೆಂಡತಿಯನ್ನು ಕೇಳಿದೆ, “ಯಾರನ್ನ ಕೇಳಿ ಇಳಿಸಿದೆ?” ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. “ಯಾರನ್ನೂ ಕೇಳಲಿಲ್ಲ ರೀ. ನೀವು ಏರಿಸುವಾಗ ಯಾರನ್ನ ಕೇಳಿದ್ರಿ?” ಅಂದಳು.

ಮುಂದಿನ ಭಾನುವಾರ ಮತ್ತೆ ಏರಿಸಿದೆ. ಹೌದು, ಇಷ್ಟಾದ ಮೇಲೂ ಏರಿಸಿದೆ. ಚರಣದಲ್ಲಿ ನೀವೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸುವುದು ಈ ಸಲ ನನಗೆ ಬೇರೆ ಬೇರೆಯಾಗಿ ಕೇಳಿಸಿತು. ಇಗೋ ಚಾಲಕರು ನಿಲ್ಲಿಸಿದರು, ಇಗೋ ಆಸ್ಪತ್ರೆಯ ದಾದಿ ಅಕ್ಕ ನಿಲ್ಲಿಸಿದರು. ತುದಿಯ ಸಾಲು ಬಂತು, ಒಬ್ಬನೇ ಉಳಿದೆ. ಹಾಡಿ ಮುಗಿಸಿದೆ, ಆದರೆ ತಲೆ ಎತ್ತಿ ನಿಮ್ಮನ್ನು ನೋಡಲಾಗಲಿಲ್ಲ.

ಈ ಮಂಗಳವಾರ ಬಡಗಿ ಅಮ್ಮನ ಮನೆಗೆ ಹೋದೆ. ಪೀಪಿಯ ವಿಷಯ ಹೇಳಿ ಕ್ಷಮೆ ಕೇಳಿದೆ. ಅವರು ಬಟ್ಟೆ ಮಡಿಸುತ್ತಿದ್ದರು, ಮಡಿಸುತ್ತಲೇ ಇದ್ದರು. “ಗೊತ್ತಿತ್ತು ಕಣಪ್ಪ. ನೀನು ತೂತು ಬದಲಾಯಿಸಿದ್ದು ಕಂಡಿತ್ತು. ನನ್ನ ಕನ್ನಡಕ ನೀನೇ ಮಾಡಿಕೊಟ್ಟಿದ್ದಲ್ವಾ?” ಅಂದರು. ನಾನು ತಲೆ ತಗ್ಗಿಸಿಕೊಂಡು, “ಮತ್ತೆ ಇಷ್ಟು ವರ್ಷ ಯಾಕಮ್ಮ ಏನೂ ಹೇಳಲಿಲ್ಲ?” ಅಂದೆ. “ಆವತ್ತು ನಿನ್ನ ಮೇಲೆ ತುಂಬ ಸಿಟ್ಟಿತ್ತು. ಆಮೇಲೆ ಯೋಚನೆ ಮಾಡಿದೆ. ಭಾನುವಾರ ಅರ್ಧ ಹಾಡು ಹೇಗೂ ನಂಗೆ ಎಟಕಲ್ಲ, ಸುಮ್ನೆ ಯಾಕೆ ನಿಂತಿರಲಿ? ಆ ಹೊತ್ತಲ್ಲಿ ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೆ” ಅಂದರು.

ಸಭಿಕರೇ, ನಾನು ಅವರ ಬಾಯಿ ಮುಚ್ಚಿಸಿದ ಹೊತ್ತಿನಲ್ಲೆಲ್ಲ ಅವರು ನನ್ನ ಹೆಸರನ್ನು ಯೇಸುಸ್ವಾಮಿಯ ಮುಂದೆ ಇಡುತ್ತಿದ್ದರು. ನಾನು ದೇವರಿಗೆ ಹಾಡುತ್ತಿದ್ದೇನೆ ಎಂದು ಹೇಳಿಕೊಂಡು ನನ್ನ ದನಿಯನ್ನೇ ಕೇಳುತ್ತಿದ್ದೆ. ನೆಲೆಯಾಗಿ ನಿಂತವರು ಯಾರು, ನೀವೇ ಹೇಳಿ. ಅಮ್ಮ, ನೀವು ಮೂರನೆಯ ಬೆಂಚಿನಲ್ಲಿದ್ದೀರಿ. ಮಂಗಳವಾರ ನಿಮ್ಮ ಮನೆಯಲ್ಲಿ ಕೇಳಿದ ಕ್ಷಮೆಯನ್ನು ಎಲ್ಲರೆದುರು ಮತ್ತೊಮ್ಮೆ ಕೇಳುತ್ತೇನೆ. ಎಲ್ಲರನ್ನೂ ಕೇಳುತ್ತೇನೆ.

ಅಧ್ಯಕ್ಷರೇ, ತಮ್ಮ ಘೋಷಣೆಗೆ ನನ್ನ ಒಪ್ಪಿಗೆಯಿಲ್ಲ. ಇಂದಿನಿಂದ ನಾನು ಗಾಯನ ನಾಯಕನಲ್ಲ. ಈ ಮಾತು ಹೇಳುವಾಗಲೂ, ‘ಎಂಥ ದೊಡ್ಡ ಮನಸ್ಸು, ಬೇಡ ಬೇಡ, ನೀವೇ ಇರಿ’ ಎಂದು ಯಾರಾದರೂ ಎದ್ದು ನಿಂತಾರೆಯೇ ಎಂದು ನನ್ನ ಕಿವಿ ಕಾಯುತ್ತಿದೆ. ಆ ಆಸೆ ಸತ್ತಿಲ್ಲ. ಈ ಭಾಷಣದೊಳಗೂ ಕೂತಿದೆ. ಅದನ್ನು ಬಿಟ್ಟೆ ಎಂದು ಇನ್ನೊಮ್ಮೆ ಸಾಕ್ಷಿ ಹೇಳುವ ಧೈರ್ಯ ನನಗಿಲ್ಲ. ದಿನಾ ಬೆಳಿಗ್ಗೆ ಎದ್ದು ಅವತ್ತಿನ ಮಟ್ಟಿಗೆ ಬಿಡಬೇಕು, ಅಷ್ಟು ಮಾತ್ರ ಈಗ ಗೊತ್ತಾಗಿದೆ.

ಕೊನೆಯ ಗೀತೆಯನ್ನು ನನ್ನ ಹೆಂಡತಿ ಅವಳಿಗೆ ಸರಿ ಕಂಡ ಶ್ರುತಿಯಲ್ಲಿ ಎತ್ತಿಕೊಡುತ್ತಾಳೆ. ಬಡಗಿ ಅಮ್ಮ ಮೊದಲ ಸಾಲು ಹಾಡಲಿ, ಉಳಿದವರು ಕೂಡಿಕೊಳ್ಳಿ. ನಾನು ಮೆಟ್ಟಿಲಿಳಿದು ಹಿಂದಿನ ಬೆಂಚಿಗೆ ಹೋಗುತ್ತೇನೆ. ಕರೆದವರಿಗೆ, ಸಹಿಸಿದವರಿಗೆ, ಬಾಯಿ ಮುಚ್ಚಿ ಪ್ರಾರ್ಥಿಸಿದವರಿಗೆ ನಾನು ಋಣಿ. ಒಂದೇ ಒಂದು ಬೇಡಿಕೆ: ನಾನು ಇಳಿದು ಹೋಗುವಾಗ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ತಟ್ಟಿದರೆ ನಾನು ತಿರುಗಿ ನೋಡುತ್ತೇನೆ.

ನಮಸ್ಕಾರ.