ಸಿರಾದ ಬೂಬಮ್ಮನ ಖರ್ಜೂರ

ಅದೇ ಕಣ್ಲಾ ನಾನು ಹೇಳ್ತಿರೋದು, ನಿಮ್ಮ ದೊಡ್ಡಪ್ಪ ಹುಟ್ಟಿದಾಗ ಯುದ್ಧದ ಕಾಲ, ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಾ ರೇಷನ್ನು. ನಾನು ಬಾಣಂತಿ, ಎದ್ದು ನಿಂತ್ರೆ ಕಣ್ಣು ಕತ್ಲೆ ಬತ್ತಿತ್ತು. ಎದೆಯಾಗೆ ಹಾಲಿಲ್ಲ, ಮಗು ಚೀರಾಡೋದು, ನಂಗೆ ಹೊಟ್ಟೆ ಬೇರೆ ಕಟ್ಕಂಡಿತ್ತು. ನಗಬ್ಯಾಡ್ರಲೇ, ಅದೂ ಒಂದು ಕಷ್ಟಾನೇ. ನಮ್ಮತ್ತೆ ಪಾವಗಡದ ಕಡೆಯೋಳು, ಸಿಟ್ಟು ಬಂದ್ರೂ ಪ್ರೀತಿ ಬಂದ್ರೂ ತೆಲುಗು ಬೆರೆಸೋಳು. "ಅಯ್ಯೋ ಪಿಲ್ಲಾ, ಮೈಯಾಗೆ ರಕ್ತಾನೇ ಇಲ್ವಲ್ಲೇ! ತಡಿ, ಖರ್ಜೂರ ತತ್ತೀನಿ" ಅಂದೋಳೇ ನಮ್ಮೂರು ಕಳ್ಳಂಬೆಳ್ಳದಿಂದ ಗಾಡಿ ಹತ್ತಿ ಸಿರಾಕ್ಕೆ ಹೋದ್ಳು.

ಅಲ್ಲಿ ಸಾಬರ ಅಂಗಡಿ, ಹಿಂದ್ಗಡೇನೇ ಅವರ ಮನೆ. ಸಾಬರು, "ಎಲ್ಲೈತಮ್ಮಾ ಖರ್ಜೂರ? ಹಡಗೇ ಬತ್ತಿಲ್ಲ" ಅಂದ್ರಂತೆ. ನಮ್ಮತ್ತೆ ಜಗಲಿ ಮೇಲೆ ಕುಂತ್ಬುಟ್ಳಂತೆ. ಒಳಗಿಂದ ಅವರ ಹೆಂಡ್ತಿ ಬೂಬಮ್ಮ ಕೇಳಿದ್ಳಂತೆ, "ಯಾರಿಗಮ್ಮಾ?" "ಸೊಸೆಗೆ ತಾಯಿ, ಬಾಣಂತಿ, ಮಗೂಗೆ ಹಾಲಿಲ್ಲ." ಆವಾಗ ರಂಜಾನು, ಗೊತ್ತಾ, ಉಪವಾಸ ಬಿಡಾಕೆ ಅಂತ ಆಯಮ್ಮ ಡಬ್ಬೀಲಿ ಒಂದಿಷ್ಟು ಎತ್ತಿಟ್ಕಂಡಿದ್ಳು. ಅಷ್ಟನ್ನೂ ಬಟ್ಟೆಗೆ ಸುರ್ದು, "ನಾವು ನೀರು ಕುಡ್ದೇ ರೋಜಾ ಬಿಡ್ತೀವಿ. ಹಸ್ದಿರೋ ಮಗು ಕಾಯ್ತದಾ?" ಅಂದ್ಳಂತೆ.

ನಮ್ಮನೇಲೋ ಲಿಂಗ ಕಟ್ಟಿದೋರು, ಹೊರಗಿನ ನೀರೂ ಮುಟ್ಟಾಕಿಲ್ಲ. ಮಾವ ಬಾಗಿಲಲ್ಲೇ ತಡುದ್ರು, "ಯಾರ ಮನೇದು?" ನಾನು ಒಳಗೆ ಮಲ್ಗಿದ್ದಲ್ಲಿಂದ್ಲೇ ಕೇಳುಸ್ಕಂಡೆ. ನಮ್ಮತ್ತೆ, "ಮರದ್ದು" ಅಂದ್ಳು, ಒಳಕ್ಕೆ ಬಂದೇ ಬುಟ್ಳು!

ನಂಗೋ ಕುತೂಹಲ, ಇಷ್ಟು ಸುಕ್ಕಾಗಿರೋ ಹಣ್ಣಾಗೆ ಏನಿದ್ದೀತು ಅಂತ. "ನೀರು ಆರೋಗ್ತದೆ ಪಿಲ್ಲಾ, ಸತ್ವ ಎಲ್ಲಿಗೋಗ್ತದೆ?" ಅಂದ್ಳು ಅತ್ತೆ. ದಿನಾ ನೀರಾಗೆ ನೆನೆಸಿ ಬೆಳಿಗ್ಗೆ ಬೀಜ ತೆಗ್ದು ಕೊಡೋಳು. ಅದು ಹೆಂಗೆ ಉಬ್ಕಂಡಿರೋದು ಅಂತೀಯಾ, ಬೆಳಕಿಗೆ ಹಿಡ್ದು ನೋಡ್ತಾ ಕೂರ್ತಿದ್ದೆ. ಇನ್ನೊಂದು ಕೊಡು ಅತ್ತೆ ಅಂದ್ರೆ, "ಚಾಲು ಚಾಲು, ಸಾಕು! ಬರೀ ಸೀ ಅದು, ಜಾಸ್ತಿ ಆದ್ರೆ ಹೊಟ್ಟೆ ಕೆಡ್ತದೆ." ಮೊದ್ಲು ಹೊಟ್ಟೆ ಸಲೀಸಾತು. ಆಮೇಲೆ ನಿಧಾನಕ್ಕೆ ಕಣ್ಣು ಕತ್ಲೆ ಬರೋದು ನಿಂತೋತು. ಹಾಲೂ ಇಳೀತು, ಅದು ಖರ್ಜೂರದಿಂದ್ಲೋ, ಸಬ್ಸಿಗೆ ಸೊಪ್ಪಿಂದ್ಲೋ, ಅತ್ತೆ ಬಲವಂತಕ್ಕೆ ಕುಡ್ದಿದ್ದ ರಾಗಿ ಅಂಬಲಿಯಿಂದ್ಲೋ, ನಾನು ಹೆಂಗೆ ಹೇಳ್ಲಿ? ಅದು ಯಾರ ಮನೇದು ಅಂತ ಅಷ್ಟೊತ್ಗೆ ನಮ್ಮ ಮಾವಂಗೂ ಗೊತ್ತಾಗಿತ್ತು. ಅವ್ರು ಮೊಮ್ಮಗ ಹಾಲು ಕುಡ್ದು ಮಲ್ಗಿದ್ದು ನೋಡಿ, ಒಂದು ಮೂಟೆ ಎಳೇ ಕಡ್ಲೆಕಾಯಿ ಗಾಡಿಗೆ ಹೇರಿದ್ರು. "ಸಿರಾಕ್ಕೆ ಹೋಗಿ ಆಯಮ್ಮಂಗೆ ಕೊಟ್ಬುಟ್ ಬತ್ತೀನಿ" ಅಂದ್ರು, ಅಷ್ಟೇ.

ನೋಡ್ರಪ್ಪಾ, ಮಿಕ್ಕಿದ್ದು ಯಾರಾದ್ರೂ ಕೊಡ್ತಾರೆ. ತಮ್ಮ ಬಾಯಿಗೆ ಅಂತ ಇಟ್ಕಂಡಿದ್ದನ್ನ ಕೊಡ್ತಾರಲ್ಲ, ಅದೇ ಮೈಗೆ ಹತ್ತೋದು. ಏಳ್ರಿ, ಖರ್ಜೂರ ತಿಂದೀರಿ, ಬಾಯಿ ಮುಕ್ಕಳಿಸ್ರಿ, ಸೀ ಹಲ್ಲಿಗೆ ಅಂಟ್ಕಂತದೆ.