ಸ್ವಲ್ಪ ಸರಿ

ಈ ವೇದಿಕೆಯಲ್ಲೇ ಅತಿ ಎತ್ತರದ ಕುರ್ಚಿಯನ್ನು ಅಲಂಕರಿಸಿ ಆ ಕುರ್ಚಿಯ ಜನ್ಮ ಸಾರ್ಥಕಗೊಳಿಸಿರುವ ಘನತೆವೆತ್ತ ಅಧ್ಯಕ್ಷರೇ. ಅದಕ್ಕಿಂತ ಬೆರಳುದ್ದ ಕುಳ್ಳಗಿರುವ ಕುರ್ಚಿ ಸಿಕ್ಕರೂ ಮುಖದಲ್ಲಿ ಬೇಸರ ತೋರಗೊಡದ ಮುಖ್ಯ ಅತಿಥಿಗಳೇ. ನಮ್ಮ ದುಃಖಕ್ಕೊಂದು ವಿಭಾಗವನ್ನೂ ಆ ವಿಭಾಗಕ್ಕೊಂದು ಏಸಿ ಕೋಣೆಯನ್ನೂ ಕರುಣಿಸಿದ ಮುಖ್ಯಸ್ಥೆ ಮೇಡಂ ಅವರೇ. ನಾನು 'ಪ' ಎಂದಾಗಲೆಲ್ಲ ಫಟ್ಟೆನ್ನುವ ಪರಮಪೂಜ್ಯ ಮೈಕೇ. ಕೊನೆಗೆ ಊಟವಿದೆ ಎಂಬ ಸುದ್ದಿಯನ್ನು ನಂಬಿ ಬಂದು, ಆ ನಂಬಿಕೆಯನ್ನು ಇನ್ನೂ ಬಿಡದಿರುವ ಸಹೃದಯ ಸಭಿಕರೇ,

ಮೂಲನಿವಾಸಿ ಸಮುದಾಯಗಳಿಗಾಗಿ ಆಪ್ತಸಮಾಲೋಚನೆ ಕಲಿಸುವ ಸ್ನಾತಕೋತ್ತರ ತರಬೇತಿಯನ್ನು ಮುಗಿಸಿದ, ಆ ಸಮುದಾಯಗಳದ್ದೇ ಆದ ಮೊಟ್ಟಮೊದಲ ಪ್ರಾಣಿಯ ಅನಂತಾನಂತ ವಂದನೆಗಳು.

ನಿರೂಪಕರು ನನ್ನನ್ನು 'ಬೆಟ್ಟದ ಕುಡಿ' ಎಂದು ಕರೆದರು. ನಾನು ಹುಟ್ಟಿದ್ದು ತಗಡಿನ ಸೂರಿನ ಕಾಲೊನಿಯಲ್ಲಿ, ನಮ್ಮವರನ್ನು ಬೆಟ್ಟದಿಂದ ಇಳಿಸಿ ಆದ ಮೇಲೆ. ಬೆಟ್ಟವನ್ನು ನಾನೂ ನಿಮ್ಮಂತೆ ಬಸ್ಸಿನ ಕಿಟಕಿಯಿಂದಲೇ ನೋಡಿದವನು. ಇರಲಿ, ಕುಡಿ ಎಂದಿದ್ದಾರೆ, ಚಿಗುರೋಣ.

ಈ ತರಬೇತಿ ಯಾಕೆ ಶುರುವಾಯಿತು? ಕರಪತ್ರದಲ್ಲಿ 'ಸಮುದಾಯದ ಅಗತ್ಯವನ್ನು ಮನಗಂಡು' ಎಂದಿದೆ. ಮನಗಂಡದ್ದು ಏನನ್ನು? ನಮ್ಮ ಹುಡುಗರು ಒಬ್ಬರ ಹಿಂದೊಬ್ಬರು ಸಾಯತೊಡಗಿದ್ದನ್ನು. ಅವರಲ್ಲಿ ನನ್ನ ಚಿಕ್ಕಮ್ಮನ ಮಗನೂ ಒಬ್ಬ. ಹಾಸ್ಟೆಲಿನ ಕೋಣೆಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ನನ್ನ ಅಂಗಿ ಅವನಿಗೆ, ಅವನ ಚಪ್ಪಲಿ ನನಗೆ, ಹಾಗೆ ಬೆಳೆದವರು ನಾವು. ಅವನು ಹೋದ ಮೇಲೆ ಚಿಕ್ಕಮ್ಮ ಮಾತು ಕಡಿಮೆ ಮಾಡಿದಳು. ಸಭಿಕರೇ, ಇದರ ಅರ್ಥ ನಿಮಗಾಗಲಿಕ್ಕಿಲ್ಲ. ನಮ್ಮ ಸಾಲುಮನೆಗಳಿಗೆ ಬೆಳಗಾಯಿತೆಂದು ಗೊತ್ತಾಗುತ್ತಿದ್ದುದೇ ಅವಳ ಬೈಗುಳದಿಂದ. ನಲ್ಲಿಯಲ್ಲಿ ನೀರು ಬಾರದಿದ್ದರೆ ನಲ್ಲಿಯನ್ನು ಬೈಯುತ್ತಿದ್ದಳು, ಬಂದರೆ ತಡವಾಗಿ ಬಂತೆಂದು ಬೈಯುತ್ತಿದ್ದಳು. ಅವಳು ಮತ್ತೊಮ್ಮೆ ನನ್ನನ್ನು ಬಾಯಿತುಂಬ ಬೈಯಬೇಕು. ನಾನು ಈ ತರಬೇತಿಗೆ ಸೇರಿದ್ದು ಇಷ್ಟಕ್ಕೇ. ಸಂದರ್ಶನದಲ್ಲಿ ಮಾತ್ರ 'ಸೇವೆ' ಎಂದೆ. ಎಲ್ಲರೂ ತಲೆದೂಗಿದರು.

ಮೊದಲ ವರ್ಷ ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆಸಿ ಕೇಳಿದರು: "ನಿಮ್ಮಲ್ಲಿ ದುಃಖ ಆದಾಗ ಏನು ಮಾಡ್ತೀರಪ್ಪಾ?"

"ಅಳ್ತೀವಿ ಮೇಡಂ."

"ಅದಲ್ಲ. ನಿಮ್ಮದೇ ಅಂತ ಒಂದು ಪದ್ಧತಿ ಇರುತ್ತಲ್ಲ? ಬೇರು, ಸೊಪ್ಪು, ಹಾಡು?"

"ಹಾಡು ಮೊಬೈಲಲ್ಲಿದೆ ಮೇಡಂ."

ಮೇಡಂ ಮುಖ ಬಾಡಿತು. ಆ ಮುಖ ಬಾಡಿದರೆ ನನ್ನ ಅಂಕವೂ ಬಾಡುತ್ತದೆ ಎಂಬಷ್ಟು ಮನಶ್ಶಾಸ್ತ್ರವನ್ನು ಆಗಲೇ ಕಲಿತಿದ್ದೆ. ತಡವರಿಸಿಕೊಂಡು, "ಸಾವಿನ ಮನೆಗೆ ಹೋದರೆ 'ಸರಿ' ಅಂತೀವಿ ಮೇಡಂ" ಎಂದೆ.

ಅದು ಸುಳ್ಳಲ್ಲ. ಮಕ್ಕಳನ್ನು ಕಳೆದುಕೊಂಡವರನ್ನು ಹೋಗಿ 'ಹೇಗಿದ್ದೀಯ' ಎಂದು ನಮ್ಮವರು ಕೇಳುವುದಿಲ್ಲ. ಹೇಗಿರುತ್ತಾರೆ? ಅವರು ಕೂತಲ್ಲಿಗೆ ಹೋಗಿ 'ಸ್ವಲ್ಪ ಸರಿ' ಅನ್ನುತ್ತಾರೆ. ಅವರು ಸರಿಯುತ್ತಾರೆ. ಇವರು ಪಕ್ಕದಲ್ಲಿ ಕೂರುತ್ತಾರೆ. ಕತ್ತಲಾಗುವವರೆಗೂ ಕೂತಿದ್ದು ಎದ್ದು ಹೋಗುತ್ತಾರೆ. ಇದರಲ್ಲಿ ಬೆಟ್ಟವೂ ಇಲ್ಲ, ಬೇರೂ ಇಲ್ಲ. ಬೆಂಚು ಚಿಕ್ಕದಿದ್ದರೆ ನೀವೂ ಹಾಗೇ ಅನ್ನುತ್ತೀರಿ.

ಆದರೆ ಮುಂದಿನ ವರ್ಷದ ಹೊತ್ತಿಗೆ ಅದು 'ಸರಿ ಮಾದರಿ'ಯಾಗಿ ಪಠ್ಯದಲ್ಲಿ ಕೂತಿತ್ತು. ಸ್ವೀಕಾರ, ಸಮ್ಮತಿ, ಸಾಂತ್ವನ ಎಂಬ ಮೂರು ಹಂತಗಳು. ಪ್ರತಿ ಹಂತದಲ್ಲೂ ಸಮಾಲೋಚಕನು ಗಂಭೀರ ದನಿಯಲ್ಲಿ 'ಸರಿ' ಎನ್ನತಕ್ಕದ್ದು. ಜರುಗು ಎಂಬ ಅರ್ಥದ ಸರಿ, ಯಾರಿಗೂ ತಿಳಿಯದ ಹಾಗೆ, ಆಯಿತು ಎಂಬ ಅರ್ಥದ ಸರಿಯ ಕಡೆಗೆ ಜರುಗಿಬಿಟ್ಟಿತ್ತು. ತಿದ್ದಲು ಹೋಗಲಿಲ್ಲವೇ? ಹೋದೆ. "ಮೇಡಂ, ಅದು ಆ ಸರಿ ಅಲ್ಲ" ಎಂದೆ. ಮೇಡಂ "ಸರಿ ಸರಿ" ಎಂದರು.

ಕೊನೆಯ ವರ್ಷ ಪ್ರಾಯೋಗಿಕ ಪರೀಕ್ಷೆ. ನಮ್ಮ ಸಮುದಾಯದವರನ್ನೇ ಯಾರನ್ನಾದರೂ ಕರೆತರಬೇಕಿತ್ತು. ನಾನು ಚಿಕ್ಕಮ್ಮನನ್ನು ಹೊರಡಿಸಿದೆ.

"ಎಲ್ಲಿಗೋ?"

"ಕಾಲೇಜಿಗೆ. ಅಲ್ಲಿ ನಿನ್ನನ್ನ ಮಾತಾಡಿಸ್ತಾರೆ."

"ಯಾಕೆ, ನಿನ್ನ ಬಾಯಿಗೇನಾಗಿದೆ?"

"ನಾನು ಮಾತಾಡಿಸೋ ಹಾಗಿಲ್ಲ ಚಿಕ್ಕಮ್ಮ. ನೀನು ನನಗೆ ಸಂಬಂಧ ಆಗಬೇಕಲ್ಲ, ನಿಯಮ ಇದೆ."

"ಸಂಬಂಧ ಅಂತ ಮಾತಾಡಿಸೋ ಹಾಗಿಲ್ವಾ? ಚೆನ್ನಾಗಿ ಓದ್ತಿದ್ದೀಯ ಕಣೋ. ಓದು, ಓದು."

ಎಷ್ಟೋ ಕಾಲದ ಮೇಲೆ ಅವಳ ಬಾಯಿಂದ ಬಂದ ಕುಹಕ ಅದು. ನನಗೆ ಖುಷಿಯಾಯಿತು. ಇನ್ನೊಂದು ಸ್ವಲ್ಪ ನೂಕಿದರೆ ಬೈಗುಳಕ್ಕೇ ಬರುತ್ತಾಳೆ ಎಂದುಕೊಂಡೆ.

ಪರೀಕ್ಷೆ ನಡೆದ ಆ ಏಸಿ ಕೋಣೆಯನ್ನು ನೀವು ನೋಡಿದ್ದೀರಿ. ಉದ್ದನೆಯ ರೆಕ್ಸಿನ್ ಬೆಂಚು, ಎದುರಿಗೆ ದೂರದಲ್ಲಿ ಒಂದು ಕುರ್ಚಿ, ನಡುವೆ ಅಳುವವರಿಗೆಂದು ಟಿಶ್ಯೂ ಡಬ್ಬ. ಒಂದು ಗೋಡೆ ಪೂರ್ತಿ ಗಾಜು. ಆಚೆಯಿಂದ ನಾವು ನೋಡಬಹುದು, ಒಳಗಿನವರಿಗೆ ನಾವು ಕಾಣುವುದಿಲ್ಲ. ಗಾಜಿನ ಆಚೆ ನಾನು, ಮೇಡಂ. ಒಳಗೆ ಬೆಂಚಿನ ನಡುಮಧ್ಯೆ ಚಿಕ್ಕಮ್ಮ. ಕುರ್ಚಿಯಲ್ಲಿ ನನ್ನ ಸಹಪಾಠಿ. ಯಾರು ಸೀನಿದರೂ ಬರೆದುಕೊಳ್ಳುವುದರಿಂದ ಅವನಿಗೆ ಟಿಪ್ಪಣಿ ಎಂದು ನಾನೇ ಹೆಸರಿಟ್ಟಿದ್ದೆ.

ಟಿಪ್ಪಣಿ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ "ಸರಿ" ಎಂದ.

ಚಿಕ್ಕಮ್ಮ ಅವನ ಮುಖ ನೋಡಿದಳು. ಆಮೇಲೆ ಸರಿದಳು. ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿದಳು.

ಟಿಪ್ಪಣಿ ಕುರ್ಚಿಯಿಂದ ಏಳಲಿಲ್ಲ. ಬರೆದುಕೊಂಡ. ಎರಡನೇ ಹಂತಕ್ಕೆ ಬಂದು ಮತ್ತೆ "ಸರಿ" ಎಂದ. ಜಾಗ ಸಾಲದೇನೋ ಎಂದು ಅವಳು ಇನ್ನಷ್ಟು ಸರಿದಳು.

"ನೋಡು, ಎಷ್ಟು ಚೆನ್ನಾಗಿ ಸ್ಪಂದಿಸ್ತಿದ್ದಾರೆ!" ಎಂದು ಮೇಡಂ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಮೂರನೇ 'ಸರಿ'ಗೆ ಚಿಕ್ಕಮ್ಮನ ಭುಜ ಗೋಡೆಗೆ ತಾಗಿತು. ಇಡೀ ಬೆಂಚು ಖಾಲಿ. ಅವಳು ಮುದುಡಿಕೊಂಡು, "ಇನ್ನೆಷ್ಟು ಸರೀಲಪ್ಪಾ? ಗೋಡೆ ಬಂತು" ಎಂದಳು. 'ಗೋಡೆಯ ರೂಪಕ ಬಳಸಿದರು' ಎಂದು ಟಿಪ್ಪಣಿ ಬರೆದುಕೊಂಡ. ಅವನಿಗೆ ಒಳ್ಳೆಯ ಅಂಕ ಬಂತು. ಅವನ ತಪ್ಪೇನಿದೆ? ಜನರನ್ನು ಸರಿ ಸರಿ ಎನ್ನುತ್ತಾ ಗೋಡೆಯವರೆಗೆ ಸರಿಸುವ ವಿದ್ಯೆ ಅವನು ಹುಟ್ಟುವುದಕ್ಕಿಂತ ಮುಂಚಿನದು. ನಮ್ಮನ್ನು ಬೆಟ್ಟದಿಂದ ಇಳಿಸಿದ ಸಾಹೇಬರಿಗೆ ಯಾವ ತರಬೇತಿಯೂ ಬೇಕಾಗಿರಲಿಲ್ಲ.

ಒಳಗೆ ಹೋಗುವ ಬಾಗಿಲು ನನ್ನ ಕೈಗೆ ಎಟುಕುವಂತಿತ್ತು. ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟು, "ಮಧ್ಯೆ ಹೋಗಬಾರದಪ್ಪಾ" ಎಂದರು. ನಾನು ವಿಧೇಯ ವಿದ್ಯಾರ್ಥಿ.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಜಾಗ ಬಿಟ್ಟೆ ಕಣೋ. ಯಾರೂ ಕೂರಲಿಲ್ಲ."

ಅಲ್ಲಿಂದೀಚೆಗೆ ಅವಳು ಕುಹಕವನ್ನೂ ಆಡಿಲ್ಲ. ನಲ್ಲಿ ನಿಶ್ಚಿಂತೆಯಾಗಿದೆ.

ಬರುವ ವಾರದಿಂದ ನಮ್ಮ ಕಾಲೊನಿಯ ಕೇಂದ್ರಕ್ಕೆ ನಾನೇ ಸಮಾಲೋಚಕ. ಕಾಲೊನಿಯಲ್ಲಿ ಎಲ್ಲರೂ ನನಗೆ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧ. ಹಾಗಾಗಿ ನಿಯಮದ ಪ್ರಕಾರ ನಾನು ಯಾರನ್ನೂ ಮಾತಾಡಿಸುವ ಹಾಗಿಲ್ಲ. ಇಂಥ ನಿಶ್ಶಬ್ದವಾದ, ಶುಚಿಯಾದ ಕೇಂದ್ರ ಜಗತ್ತಿನಲ್ಲಿ ಇನ್ನೊಂದಿರಲಾರದು. ದಯವಿಟ್ಟು ಚಪ್ಪಾಳೆ.

ಇಂದು 'ಸರಿ ಮಾದರಿ'ಯ ಫಲಾನುಭವಿ ಎಂದು ಚಿಕ್ಕಮ್ಮನನ್ನೂ ಕರೆಸಿದ್ದಾರೆ. ನನ್ನ ಜೊತೆಗೇ ಬಂದಳು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ ಇದ್ದಾಳೆ. ತಿರುಗಿ ನೋಡಬೇಡಿ, ಮುಜುಗರಪಡುತ್ತಾಳೆ. ಸಭಾಂಗಣ ತುಂಬಿ ಗೋಡೆಗೊರಗಿ ನಿಂತವರಿದ್ದಾರೆ. ಅವಳ ಪಕ್ಕದ ಕುರ್ಚಿ ಮಾತ್ರ ಖಾಲಿ ಇದೆ. ಯಾಕೆ? ಉತ್ತರ ಬೇಡ, ಭಾಷಣವೆಂದ ಮೇಲೆ ನಡುನಡುವೆ ಪ್ರಶ್ನೆ ಕೇಳಬೇಕು, ಅದಕ್ಕೆ ಕೇಳಿದೆ.

ಈ ಸ್ಮರಣಿಕೆಯನ್ನು ಮೇಜಿನ ಮೇಲೇ ಬಿಟ್ಟು, ನಿಮ್ಮೆಲ್ಲರ ನಡುವೆ ನಡೆದು ಹೋಗಿ, 'ಸ್ವಲ್ಪ ಸರಿ' ಎಂದು ಅವಳ ಪಕ್ಕ ಕೂರುತ್ತೇನೆ ಎಂದು ಭಾಷಣದ ಮುಕ್ತಾಯವನ್ನು ಬರೆದುಕೊಂಡಿದ್ದೆ. ಚೆನ್ನಾಗಿತ್ತು. ಅಧ್ಯಕ್ಷರು ಕೂಡ ಎದ್ದು ನಿಲ್ಲುತ್ತಿದ್ದರೇನೋ. ಕಿಸೆಯಲ್ಲೇ ಇದೆ, ಓದುವುದಿಲ್ಲ.

ಮಾತಾಡಲು ಬಿಟ್ಟ ವಿಭಾಗಕ್ಕೂ, ಫಟ್ಟೆಂದರೂ ಕೈಕೊಡದ ಮೈಕಿಗೂ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ನಿಮಗೂ ನಾನು ಋಣಿ.

ಸಣ್ಣದೊಂದು ವಿಷಯ ಉಳಿಯಿತು. ಇಂದು ಬೆಳಿಗ್ಗೆ ಬಸ್ಸಿನಲ್ಲಿ ಚಿಕ್ಕಮ್ಮ ನನ್ನ ಮುಖ ನೋಡಿ, ನಾನು ಏನೂ ಅನ್ನುವ ಮೊದಲೇ, ತಾನಾಗಿ ಕಿಟಕಿಯ ಕಡೆ ಸರಿದಳು. ಸೀಟನ್ನು ಅಂಗೈಯಿಂದ ಒರೆಸಿದಳು ಕೂಡ. ನಾನು ಕಂಬಿ ಹಿಡಿದು ಕೊನೆಯವರೆಗೂ ನಿಂತೇ ಬಂದೆ. ಪ್ಯಾಂಟಿನ ಇಸ್ತ್ರಿ ಕೆಡುತ್ತಿತ್ತು.

ನಮಸ್ಕಾರ.