ಸೋಮವಾರದ ಎಣ್ಣೆ

…ಬೆಳಕಿಗೆ ಹಿಡ್ಕೊಳ್ಳಿ ಮಲ್ಲಾಜಮ್ಮಾರೇ, ಇಲ್ಲಿ, ಕಿಟಕಿ ಹತ್ರ. ಈ ಬದಿ ಬರೀ ನೋಟು ಕಣಮ್ಮ. ಯುದ್ಧದ ಕಾಲ್ದಲ್ಲಿ ಜಪಾನಿನೋರು ಬರ್ಮಾದಲ್ಲಿ ಚಲಾಯಿಸಿದ್ದು. ಯುದ್ಧ ಮುಗೀತು, ನೋಟು ರದ್ದಿ ಆಯ್ತು. ಅಲ್ಲಿಂದ ವಾಪಸ್ ಬಂದೋರು ಕಟ್ಟುಗಟ್ಟಲೆ ತಂದಿದ್ರು. ವರ್ತಕರು ಅದ್ರ ಹಿಂದುಗಡೆ ಅಂಗಡಿ ಹೆಸರು ಅಚ್ಚಾಕ್ಸಿ ಗಿರಾಕಿಗಳಿಗೆ ಹಂಚೋರು. ನೋಟು ಅಂದ್ಮೇಲೆ ಯಾರೂ ಬಿಸಾಕಲ್ವಲ್ಲ, ಅದಕ್ಕೆ. ಈಗ ತಿರುಗ್ಸಿ… ಓದಿ.

ಹಾಂ. ಶಂಭುಲಿಂಗಪ್ಪ. ನಿಮ್ಮಪ್ಪಾಜಿ ಹೆಸ್ರೇ. ನಂಜನಗೂಡು, ಗಾಣದ ಎಣ್ಣೆ ಅಂಗಡಿ. ಅಳ್ತಿದ್ದೀರಾ? ಅತ್ತುಬಿಡಿ, ಪರ್ವಾಗಿಲ್ಲ. ಅವರದೊಂದು ಫೋಟೋನೂ ಇಲ್ಲ ಅಂದಿದ್ರಿ ಹೋದ್ಸಲ, ಅದು ನಂಗೆ ಕೊರೀತಾ ಇತ್ತು. ತಗೊಳ್ಳಿ ಪೆನ್ನು. ಇದು ನಮ್ಮಪ್ಪನ ಅಂಗಡೀದೇ ಅಂತ ಈ ಕಾಗದದಲ್ಲಿ ಒಂದು ರುಜು ಸಾಕು. ನಾಳೆ ಮೈಸೂರಲ್ಲಿ ನಾಣ್ಯದ ಪ್ರದರ್ಶನ. ಮೂವತ್ತು ವರ್ಷದಿಂದ ಇಂಥ ಜಾಹೀರಾತಿನ ನೋಟು ಕೂಡಿಸ್ತಿದ್ದೀನಿ, ಆದ್ರೂ ಅಲ್ಲಿನೋರಿಗೆ ನಾನು ಗುಜರಿ ರವಿಚಂದ್ರ. ನಿಮ್ಮ ನಂಜನಗೂಡಿಂದೇ ಒಂದು ತೋರ್ಸು, ಆಮೇಲೆ ಮಾತಾಡು ಅಂದ್ರು. ತೋರಿಸ್ತೀನಿ ಅಂದ್ಬಿಟ್ಟಿದ್ದೀನಿ. ಅದಕ್ಕೇ ನಿಮ್ಮನ್ನ ನೋಡೋಕೆ ಈ ನರಸೀಪುರಕ್ಕೆ ನಾಲ್ಕು ಸಲ ಬಸ್ಸು ಹತ್ತಿದ್ದು.

ಯಾಕೆ, ಪೆನ್ನು ಕೆಳಗಿಟ್ರಿ?

ಕೊನೇ ಸಾಲಾ… 'ಪ್ರತಿ ಸೋಮವಾರ ಆಗತಾನೇ ಗಾಣದಿಂದ ತೆಗೆದ ಎಣ್ಣೆ ದೊರೆಯುತ್ತದೆ.' ಸರಿಯಾಗೇ ಇದೆಯಲ್ಲ. ಸೋಮವಾರ ಸ್ವಾಮಿ ದರ್ಶನಕ್ಕೆ ಜನ ಸೇರ್ತಾರೆ, ದೀಪಕ್ಕೆ ಎಣ್ಣೆ ಬೇಕು. ವ್ಯಾಪಾರಸ್ಥರ ತಲೆ ಕಣಮ್ಮ.

ಏನಂದ್ರಿ? ಸೋಮವಾರ ಎತ್ತಿಗೆ ನೊಗಾನೇ ಇಡ್ತಿರ್ಲಿಲ್ವಾ? ಯಾವತ್ತೂ? ಬಸವಣ್ಣನ ವಾರ ಅಂತ ಗಾಣಾನೇ ಕಟ್ತಿರ್ಲಿಲ್ವಾ…

ಹೂಂ. ಹಂಗಾದ್ರೆ ಭಾನುವಾರ ತೆಗೆದ ಎಣ್ಣೆ ಇರ್ಬೋದು. 'ಆಗತಾನೇ' ಅಂತ ಇದೆ, ಸರಿ… ಅಚ್ಚಿನ ಮನೆಯೋನ ತಪ್ಪು. ನಿಮ್ಮಪ್ಪಾಜಿ ಮಂಗಳವಾರ ಅಂತ ಬರ್ಕೊಟ್ರೆ ಅವನು ಸೋಮವಾರ ಮಾಡ್ಬಿಟ್ಟಿದ್ದಾನೆ. ಅಷ್ಟೇ. ತಲೆ ಯಾಕೆ ಅಲ್ಲಾಡಿಸ್ತೀರಿ? ನೀವಾಗ ನಾಲ್ಕು ವರ್ಷದ ಮಗು, ನಿಮ್ಗೇನು ಗ್ಯಾಪ್ಕ… ಇಲ್ಲ, ಹಂಗನ್ಬಾರ್ದಿತ್ತು, ತಪ್ಪಾಯ್ತು. ಆಮೇಲೂ ಇಪ್ಪತ್ತು ವರ್ಷ ಗಾಣ ಇತ್ತು, ಆ ಎತ್ತುಗಳಿಗೆ ಹುಲ್ಲು ಹಾಕಿದೋರೇ ನೀವು.

ಬೆರಳಲ್ಲಿ ಉಜ್ಜಬೇಡಿ. ಉಜ್ಜಬೇಡಿ ಅಂದ್ನಲ್ಲ, ಆ ಮಸಿ ಇನ್ನೂ… ಹಳೇ ಮಸಿ ಹಂಗೇ, ಬಿಟ್ಕೊಳ್ತದೆ. ನನ್ನ ಯಾಕೆ ನೋಡ್ತೀರಿ? ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ಎಷ್ಟು ಯೋಚ್ನೆ ಮಾಡಿ ಸೋಮವಾರ ಅಂತ ಹಾಕ್ಸಿದ್ದು, ಜನ ಸೇರೋ ದಿನ ಅಂತ…

ನಿಮ್ಮಪ್ಪಾಜಿ. ನಿಮ್ಮಪ್ಪಾಜಿ ಯೋಚ್ನೆ ಮಾಡಿ ಅಂದೆ.

ಏನಾದ್ರೂ ಅನ್ನಿ ಅಮ್ಮ. ಬೈದ್ಬಿಡಿ, ಎದ್ದೋಗು ಅನ್ನಿ. ಹಿಂಗೆ ನೋಡ್ಬೇಡಿ.

ಜಪಾನಿನ ನೋಟು ನಿಜವಾದ್ದೇ. ಹಿಂದುಗಡೇದು… ಹೋದ್ವಾರ, ಗೊತ್ತಿರೋ ಒಬ್ಬನ ಕೈಲಿ ಅಚ್ಚಾಕ್ಸಿದ್ದು. ನಾಲ್ಕು ವರ್ಷ ಹುಡುಕ್ದೆ ಕಣಮ್ಮ, ಸಿಗಲಿಲ್ಲ. ರುಜು ಬೇಡ, ಬಿಡಿ. ಆದ್ರೆ ಮನೇಲಿರೋ ಮಿಕ್ಕ ನೂರಾ ನಲವತ್ತೂ ಅಪ್ಪಟ ನಿಜ, ಅದ್ರಲ್ಲಿ ಒಂದಕ್ಷರಾನೂ ನಂದಲ್ಲ. ಇದೊಂದೇ ಸುಳ್ಳು, ಇದೊಂದೇ… ನಂಬ್ತೀರಾ?

ಮಲ್ಲಾಜಮ್ಮಾರೇ… ನಂಬ್ತೀರಾ?